ತಾಳೆ ತೋಟಕ್ಕೆ ವಯಸ್ಸಾದರೆ ಮಣ್ಣಿಗೆ ಏನಾಗುತ್ತದೆ? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲದ ಪತ್ರಗಳಲ್ಲಿ ಎಣ್ಣೆ ತಾಳೆಯದ್ದೇ ದರ್ಬಾರು. 2021ರಲ್ಲಿ ಕೇಂದ್ರದ ಖಾದ್ಯ ತೈಲ ಮಿಷನ್ ಬಂದ ಮೇಲೆ ಹೊಸದಾಗಿ ಹಾಕುವವರು ಸಸಿ, ಸಬ್ಸಿಡಿ, ರೇಟು ಅಂತ ಕೇಳುತ್ತಾರೆ, ಅದಕ್ಕೆ ಹಿಂದೆ ಬೇಕಾದಷ್ಟು ಬರೆದಿದ್ದಾಗಿದೆ. ಹಳೇ ತೋಟದವರು ಕೇಳುವುದೇ ಬೇರೆ, ಅವರಿಗೆ ಮಣ್ಣಿನ ಚಿಂತೆ. ಈ ಸಂಚಿಕೆಗೆ ಅವರ ಪತ್ರಗಳನ್ನೇ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಭದ್ರಾ ಅಚ್ಚುಕಟ್ಟಿನಲ್ಲಿ ನನ್ನ ತಾಳೆ ತೋಟಕ್ಕೆ ಈಗ 14 ವರ್ಷ. ಮೊದಲು ಅಲ್ಲಿ ಭತ್ತ, ಕಬ್ಬು ಇತ್ತು. ‘ಇನ್ನು ಹತ್ತು ವರ್ಷ ಬಿಟ್ಟರೆ ಭೂಮಿ ಬಂಜರು, ಮಲೇಷ್ಯಾದಲ್ಲಿ ಹಾಗೇ ಆಗಿದೆ’ ಅಂತ ಪಕ್ಕದ ಹೊಲದವರು ಸಿಕ್ಕಾಗಲೆಲ್ಲ ಹೇಳುತ್ತಾರೆ. ನಿಜಾನಾ?
— ದಾವಣಗೆರೆ ಜಿಲ್ಲೆಯ ಓದುಗರು

ಅರ್ಧ ನಿಜ. ಆ ಅರ್ಧವೂ ನಿಮ್ಮ ಹೊಲಕ್ಕೆ ಸೇರಿದ್ದಲ್ಲ.

ಮಲೇಷ್ಯಾದಲ್ಲಿ ತಾಳೆಯ ಮೊದಲ ದೊಡ್ಡ ಎಸ್ಟೇಟ್ ಶುರುವಾಗಿದ್ದು 1917ರಲ್ಲಿ, ಸೆಲಾಂಗೋರ್‌ನಲ್ಲಿ. ಅಲ್ಲಿ ಎಷ್ಟೋ ಕಡೆ ಅದೇ ನೆಲದಲ್ಲಿ ಮೂರನೇ ತಲೆಮಾರಿನ ಮರಗಳು ನಿಂತಿವೆ, ಗೊನೆ ಬಿಡುತ್ತಿವೆ. ಬಂಜರು ಆಗಿದ್ದರೆ ಯಾರು ಮತ್ತೆ ಮತ್ತೆ ನೆಡುತ್ತಿದ್ದರು ಹೇಳಿ? ಆದರೆ ಅಲ್ಲೂ ಇಂಡೋನೇಷ್ಯಾದಲ್ಲೂ ಮಣ್ಣು ಕಳೆದುಕೊಂಡಿದ್ದು ಸುಳ್ಳಲ್ಲ, ಮತ್ತು ಅದರಲ್ಲಿ ಹೆಚ್ಚಿನದು ಹೋಗಿದ್ದು ತೋಟ ಹಳತಾದಾಗ ಅಲ್ಲ, ಕಾಡು ಕಡಿದ ಮೊದಲ ಕೆಲವು ವರ್ಷಗಳಲ್ಲಿ. ಇಂಡೋನೇಷ್ಯಾ, ಕ್ಯಾಮರೂನ್, ಪೆರು ಈ ಮೂರು ದೇಶಗಳಲ್ಲಿ ಕಾಡು ಕಡಿದು ತಾಳೆ, ರಬ್ಬರ್, ಕೋಕೋ ಹಾಕಿದ ಜಾಗಗಳನ್ನು ಅಳೆದ ಒಂದು ಅಧ್ಯಯನ 2015ರಲ್ಲಿ ಬಂತು. ಮಣ್ಣಿನಲ್ಲಿದ್ದ ಸಾವಯವ ಇಂಗಾಲದಲ್ಲಿ, ಅಂದರೆ ಕೊಳೆತ ಎಲೆ ಬೇರಿನಿಂದ ಮಣ್ಣಿಗೆ ಸೇರಿದ ಇಂಗಾಲದಲ್ಲಿ, ಅರ್ಧದಷ್ಟರವರೆಗೂ ಹೋಗಿತ್ತು. ಮೊದಲು ಯಾವ ಮಣ್ಣಿನಲ್ಲಿ ಜಾಸ್ತಿ ಇತ್ತೋ ಅಲ್ಲೇ ನಷ್ಟವೂ ಜಾಸ್ತಿ. ಇದ್ದವರ ಮನೆಗೆ ತಾನೇ ಕಳ್ಳ ಬರುವುದು.

ನಿಮ್ಮದು ಮೊದಲೇ ಭತ್ತ, ಕಬ್ಬು ಬೆಳೆದ ನೆಲ. ತಲೆಮಾರುಗಳಿಂದ ಉತ್ತು ಉತ್ತು ಸಾವಯವ ಅಂಶ ಆಗಲೇ ಕೆಳಗಿತ್ತು. ಹಾಗಾಗಿ ಇಂಡೋನೇಷ್ಯಾದ ಸುಮಾತ್ರಾ ದ್ವೀಪದ ಕಾಡು ಮಣ್ಣಿನ ಲೆಕ್ಕ ನಿಮಗೆ ಹೊಂದುವುದಿಲ್ಲ. ನಿಮ್ಮ ಸ್ಥಿತಿಗೆ ಸ್ವಲ್ಪ ಹತ್ತಿರದ್ದು ಕೊಲಂಬಿಯಾದ್ದು. ಅಲ್ಲಿ ದನ ಮೇಯುವ ಹುಲ್ಲುಗಾವಲಿಗೆ ತಾಳೆ ಹಾಕಿದ್ದರು. ಬೇರೆ ಬೇರೆ ವಯಸ್ಸಿನ ತೋಟಗಳನ್ನು ಪಕ್ಕಪಕ್ಕ ಇಟ್ಟು 56 ವರ್ಷಗಳ ಬದಲಾವಣೆ ನೋಡಿದರು, 2020ರಲ್ಲಿ ಪ್ರಕಟಿಸಿದರು. ಮಣ್ಣಿನ ಇಂಗಾಲ ಸುಮಾರು ಶೇ 40ರಷ್ಟು ಇಳಿದಿತ್ತು, ಆದರೆ ಮರಗಳ ಮೈಯಲ್ಲಿ ಸೇರಿದ ಇಂಗಾಲ ಆ ನಷ್ಟವನ್ನು ಹೆಚ್ಚು ಕಡಿಮೆ ತುಂಬಿಕೊಟ್ಟಿತ್ತು. ಇಲ್ಲೊಂದು ಸ್ವಾರಸ್ಯ ಇದೆ. ಹುಲ್ಲು, ಮೆಕ್ಕೆಜೋಳ, ಕಬ್ಬು ಇವುಗಳಿಂದ ಮಣ್ಣಿಗೆ ಬರುವ ಇಂಗಾಲದ ಗುರುತೇ ಬೇರೆ, ತಾಳೆಯಿಂದ ಬರುವುದರ ಗುರುತೇ ಬೇರೆ. ಆದ್ದರಿಂದ ಹಳೆಯದು ಎಷ್ಟು ಕರಗಿತು, ಹೊಸದು ಎಷ್ಟು ಸೇರಿತು ಅಂತ ಲ್ಯಾಬಿನಲ್ಲಿ ಬೇರೆ ಬೇರೆಯಾಗಿ ಲೆಕ್ಕ ಹಾಕಬಹುದು. ಹಳೆಯದು ಬೇಗ ಕರಗುತ್ತದೆ, ಹೊಸದು ನಿಧಾನ ಸೇರುತ್ತದೆ. ತಾಳೆ ತೋಟದ ಮಣ್ಣಿನ ಕತೆ ಬಹುಪಾಲು ಇಷ್ಟೇ.

ಹೀಗಾಗಿ ಮೊದಲ ನಾಲ್ಕು ವರ್ಷವೇ ಗಂಡಾಂತರದ ಕಾಲ. ನೆರಳಿಲ್ಲ, ಬಿಸಿಲು ಮಳೆ ನೇರ ಮಣ್ಣಿಗೆ, ನಡುವೆ ರೋಟವೇಟರ್ ಓಡುತ್ತಿರುತ್ತದೆ. ಐದಾರು ವರ್ಷಕ್ಕೆ ಗರಿಗಳು ಒಂದಕ್ಕೊಂದು ತಾಗುತ್ತವೆ, ಕಳೆ ಕಡಿಮೆಯಾಗುತ್ತದೆ, ಕಡಿದ ಗರಿ ನೆಲಕ್ಕೆ ಬೀಳಲು ಶುರುವಾಗುತ್ತದೆ. ಹತ್ತು ವರ್ಷ ದಾಟಿದ ಮೇಲೆ ತೋಟದಲ್ಲಿ ಒಂದೇ ಮಣ್ಣು ಇರುವುದಿಲ್ಲ, ಮೂರು ಮಣ್ಣು ಇರುತ್ತವೆ. ಮುಂದಿನ ಉತ್ತರ ನೋಡಿ.

ಪ್ರಶ್ನೆ: ನನ್ನ ಮಣ್ಣು ಪರೀಕ್ಷೆ ಮಾಡಿಸಿದೆ, ರಸಸಾರ (ಪಿಎಚ್) 5.8 ಬಂತು. ಆರು ತಿಂಗಳು ಬಿಟ್ಟು ಮತ್ತೆ ಮಾಡಿಸಿದರೆ 6.9. ಸಾವಯವ ಇಂಗಾಲವೂ ಡಬಲ್. ಕೆಂಪು ಮಣ್ಣು, 16 ವರ್ಷದ ತೋಟ. ಲ್ಯಾಬಿನವರು ಸುಮ್ನೆ ಬರೆದು ಕೊಡುತ್ತಾರಾ?
— ಮೈಸೂರು ಜಿಲ್ಲೆಯ ಓದುಗರು

ಲ್ಯಾಬಿನವರನ್ನು ಬೈಯುವ ಮೊದಲು, ಮಣ್ಣು ಎಲ್ಲಿಂದ ತೆಗೆದಿರಿ ಅಂತ ನೆನಪು ಮಾಡಿಕೊಳ್ಳಿ. ಪತ್ರದಲ್ಲಿ ಅದನ್ನು ಬರೆದಿಲ್ಲ. ಮೊದಲ ಸಲ ಮರದ ಬುಡದಿಂದ, ಎರಡನೇ ಸಲ ಗರಿ ರಾಶಿಯ ಕೆಳಗಿನಿಂದ ತೆಗೆದಿದ್ದೀರಿ ಅಂತ ನನ್ನ ಅನುಮಾನ. ಹಾಗಿದ್ದರೆ ಎರಡೂ ರಿಪೋರ್ಟು ಸರಿ.

ತಾಳೆ ತೋಟದಲ್ಲಿ ನಾವು ವರ್ಷಗಟ್ಟಲೆ ಒಂದೊಂದು ಕೆಲಸವನ್ನು ಒಂದೊಂದೇ ಜಾಗದಲ್ಲಿ ಮಾಡುತ್ತೇವೆ, ಗೊಬ್ಬರ ಯಾವಾಗಲೂ ಬುಡದ ಪಾತಿಗೆ, ಟ್ರ್ಯಾಕ್ಟರು ಯಾವಾಗಲೂ ಅದೇ ಸಾಲಿನಲ್ಲಿ, ಗರಿ ಯಾವಾಗಲೂ ಪಕ್ಕದ ಸಾಲಿನಲ್ಲಿ. 9 ಮೀಟರ್ ತ್ರಿಕೋನದ ನಾಟಿ ಒಮ್ಮೆ ಆಗಿಬಿಟ್ಟರೆ 25 ವರ್ಷ ಯಾರೂ ಜಾಗ ಬದಲಿಸುವುದಿಲ್ಲ. ಮಣ್ಣು ಅದಕ್ಕೆ ತಕ್ಕ ಹಾಗೆ ಬೇರೆಬೇರೆ ಆಗುತ್ತಾ ಹೋಗುತ್ತದೆ.

ಪಾತಿಯಲ್ಲಿ ಯೂರಿಯಾ, ಅಮೋನಿಯಂ ಸಲ್ಫೇಟ್, ಡಿಎಪಿ ಬೀಳುತ್ತಲೇ ಇರುತ್ತವೆ. ಅವುಗಳ ಅಮೋನಿಯಾ ಮಣ್ಣಿನಲ್ಲಿ ನೈಟ್ರೇಟ್ ಆಗಿ ಬದಲಾಗುವಾಗ ಆಮ್ಲ ಹುಟ್ಟುತ್ತದೆ, ಆ ನೈಟ್ರೇಟ್ ನೀರಿನ ಜೊತೆ ಕೆಳಗಿಳಿಯುವಾಗ ಸುಣ್ಣ, ಮೆಗ್ನೀಸಿಯಂ ಕೂಡ ಎಳೆದುಕೊಂಡು ಹೋಗುತ್ತದೆ. ವರ್ಷ ಕಳೆದಂತೆ ರಸಸಾರ ಇಳಿಯುತ್ತದೆ, ಅಂದರೆ ಮಣ್ಣು ಹುಳಿಯಾಗುತ್ತದೆ. ಅಲ್ಲೇ ರಂಜಕ ಮಾತ್ರ ಬೇಡ ಅಂದರೂ ಕೂಡಿ ಕೂತಿರುತ್ತದೆ. ಕಳೆನಾಶಕ ಹೊಡೆದು ಬುಡ ಸದಾ ಬೋಳು ಇಡುವುದರಿಂದ ಸಾವಯವ ಅಂಶವೂ ಕಡಿಮೆ. ಟ್ರ್ಯಾಕ್ಟರ್ ಓಡುವ ಸಾಲು ಗಟ್ಟಿ, ನೀರು ಇಂಗುವುದಿಲ್ಲ, ಬೇರು ಕಡಿಮೆ. ಗರಿ ಸಾಲಿನ ಕೆಳಗೆ ಎಲ್ಲಾ ಉಲ್ಟಾ. ಮಣ್ಣು ಹಗುರ, ಕಪ್ಪು, ತೇವ, ಎರೆಹುಳು ಇರುತ್ತವೆ, ರಸಸಾರವೂ ಪೊಟ್ಯಾಷೂ ಮೇಲೆ.

ನಂಬಿಕೆ ಬರದಿದ್ದರೆ ಮಳೆ ಬಂದು ನಾಲ್ಕು ದಿನ ಆದ ಮೇಲೆ ಒಂದು ಹಾರೆ ತೆಗೆದುಕೊಂಡು ಹೋಗಿ. ಟ್ರ್ಯಾಕ್ಟರ್ ಸಾಲಿಗೆ ಹಾಕಿ, ನಾಲ್ಕು ಬೆರಳು ಇಳಿದು ಠಣ್ ಅಂತ ನಿಲ್ಲುತ್ತದೆ. ಅಲ್ಲಿಂದ ಎರಡು ಹೆಜ್ಜೆ ಆಚೆ ಗರಿ ರಾಶಿ ಸರಿಸಿ ಹಾಕಿ, ಅರ್ಧ ಹಾರೆ ಸಲೀಸಾಗಿ ಒಳಗೆ. ಹಾಗೇ ಒಂದು ಹಿಡಿ ಮಣ್ಣು ಎತ್ತಿ ನೋಡಿ, ಕೂದಲಿನಂಥ ಬೇರುಗಳು ಕೊಳೆತ ಗರಿಯ ಒಳಗೇ ಹೊಕ್ಕಿರುತ್ತವೆ. ಊಟ ಎಲ್ಲಿದೆ ಅಂತ ಮರಕ್ಕೆ ಗೊತ್ತು, ಗೊಬ್ಬರ ಎರಚುವ ನಮಗೇ ಗೊತ್ತಿರುವುದಿಲ್ಲ.

ಇನ್ನು ಮುಂದೆ ಮಾದರಿ ತೆಗೆಯುವಾಗ ಮೂರು ಜಾಗದ್ದು ಮೂರು ಚೀಲ ಮಾಡಿ. ಪ್ರತಿ ಚೀಲಕ್ಕೂ ಹತ್ತು ಹನ್ನೆರಡು ಮರಗಳ ಹತ್ತಿರದಿಂದ ಒಂದು ಅಡಿ ಆಳದವರೆಗೆ ಮಣ್ಣು ತೆಗೆದು ಕಲಸಿ. ಗರಿ ಸಾಲಿನಲ್ಲಿ ಮೇಲಿನ ಕಸ ಸರಿಸಿ ಮಣ್ಣನ್ನಷ್ಟೇ ತೆಗೆಯಿರಿ. ಗೊಬ್ಬರ ಹಾಕಿ ಎರಡು ಮೂರು ತಿಂಗಳಾದರೂ ಆಗಿರಬೇಕು. ಮೂರು ಪರೀಕ್ಷೆಗೆ ದುಡ್ಡು ಜಾಸ್ತಿ ಅನ್ನಿಸಿದರೆ ಪಾತಿ ಮತ್ತು ಗರಿ ಸಾಲು ಎರಡನ್ನಾದರೂ ಬೇರೆ ಇಡಿ. ಎಲ್ಲಾ ಕಲಸಿ ಒಂದೇ ಚೀಲ ಮಾಡಿದರೆ ಬರುವ ನಂಬರು ನಿಮ್ಮ ತೋಟದ ಯಾವ ಜಾಗದ್ದೂ ಆಗಿರುವುದಿಲ್ಲ. ಜೊತೆಗೆ ಎಲೆ ಪರೀಕ್ಷೆ ಮಾಡಿಸಿ. ಅದಕ್ಕೆ 17ನೇ ಗರಿಯೇ ಬೇಕು. ಸುಳಿಯ ಹತ್ತಿರ ಪೂರ್ತಿ ಬಿಚ್ಚಿದ ಮೊದಲ ಗರಿ ಒಂದನೆಯದು, ಅದರ ಸುರುಳಿಯಲ್ಲೇ ಕೆಳಗೆ ಇಳಿದರೆ 9, ಅದರ ಕೆಳಗೆ 17.

ಪ್ರಶ್ನೆ: ಗರಿ ಕಾಟ ಸಾಕಾಗಿದೆ. ಹಾವು ಸೇರುತ್ತವೆ ಅಂತ ಆಳುಗಳು ಒಳಗೆ ಬರಲು ಹೆದರುತ್ತಾರೆ. ನಾವು ಬದುವಿಗೆ ಸಾಗಿಸಿ ಬೇಸಿಗೆಯಲ್ಲಿ ಸುಡುತ್ತೇವೆ. ಬೂದಿ ಹೇಗೂ ಗೊಬ್ಬರ ಅಲ್ವಾ?
— ಚಾಮರಾಜನಗರ ಜಿಲ್ಲೆಯ ಓದುಗರು

ಸುಡಬೇಡಿ ಮಾರಾಯರೇ. ಲೆಕ್ಕ ಕೇಳಿ.

ಬೆಳೆದ ಮರ ವರ್ಷಕ್ಕೆ ಇಪ್ಪತ್ತು ಇಪ್ಪತ್ನಾಲ್ಕು ಗರಿ ಹಾಕುತ್ತದೆ, ಅಷ್ಟೇ ಗರಿ ಕಡಿಯುತ್ತೇವೆ. ಮಲೇಷ್ಯಾದ ಲೆಕ್ಕದಲ್ಲಿ ಒಂದು ಹೆಕ್ಟೇರಿಗೆ ವರ್ಷಕ್ಕೆ ಒಣ ತೂಕ ಸುಮಾರು 10 ಟನ್, ಅದರಲ್ಲಿ ಸುಮಾರು 100 ಕೆಜಿ ಸಾರಜನಕ, 130ರಿಂದ 140 ಕೆಜಿ ಪೊಟ್ಯಾಸಿಯಂ. ನಮ್ಮ ಎಕರೆ ಲೆಕ್ಕಕ್ಕೆ ತಂದರೆ ಹತ್ತಿರ ಹತ್ತಿರ ಎರಡು ಮೂಟೆ ಯೂರಿಯಾ, ಎರಡು ಮೂಟೆ ಪೊಟ್ಯಾಷ್. ನಿಮ್ಮ ತೋಟದಲ್ಲಿ ಇದು ಕಡಿಮೆಯೇ ಇರಬಹುದು, ಒಪ್ಪೋಣ. ಆದರೂ ಬೆಂಕಿ ಹಾಕಿದರೆ ಸಾರಜನಕ ಹೊಗೆ, ಇಂಗಾಲ ಹೊಗೆ, ಉಳಿದ ಪೊಟ್ಯಾಷ್ ಬದುವಿನ ಮೇಲೆ. ಬದುವಿನಲ್ಲಿ ಮರ ಇಲ್ಲವಲ್ಲ!

ಹಾವಿನ ಮಾತು ಸುಳ್ಳಲ್ಲ. ಇಲಿ ಇದ್ದಲ್ಲಿ ಹಾವು ಬಂದೇ ಬರುತ್ತದೆ, ಹಣ್ಣಿನ ಗೊನೆ ಇದ್ದಲ್ಲಿ ಇಲಿ ಬರುತ್ತದೆ, ಗರಿ ತೆಗೆದರೂ ಅದು ತಪ್ಪುವುದಿಲ್ಲ. ಎಲ್ಲಾ ಸಾಲಿಗೂ ಗರಿ ಚೆಲ್ಲುವ ಬದಲು ಒಂದು ಬಿಟ್ಟು ಒಂದು ಸಾಲಿನಲ್ಲಿ ಮಾತ್ರ ಹಾಕಿ, ಇನ್ನೊಂದು ಸಾಲು ಆಳುಗಳಿಗೆ, ಗಾಡಿಗೆ ಖಾಲಿ ಬಿಡಿ. ಗರಿಯ ಬುಡದ ಮುಳ್ಳಿನ ಭಾಗ ಕಡಿದು ಒಳಕ್ಕೆ ಹಾಕಿ. ಗಮ್ ಬೂಟು ಕೊಡಿಸಿ, ಸುಡುವ ಕೂಲಿಗಿಂತ ಅದೇ ಅಗ್ಗ. ಇಳಿಜಾರಿದ್ದರೆ ಗರಿಯನ್ನು ಇಳಿಜಾರಿಗೆ ಅಡ್ಡವಾಗಿ ಮಲಗಿಸಿ, ಮಣ್ಣು ಕೊಚ್ಚಿ ಹೋಗುವುದು ನಿಲ್ಲುತ್ತದೆ.

ಇನ್ನೊಂದು ಮಾತು. ಗರಿ ಸಾಲು ತೋಟದ ಸಣ್ಣ ಭಾಗವಷ್ಟೇ, ಐದಾರರಲ್ಲಿ ಒಂದು ಪಾಲೂ ಇರುವುದಿಲ್ಲ ಎಷ್ಟೋ ಕಡೆ. ಒಳ್ಳೆ ಮಣ್ಣೆಲ್ಲ ಅಲ್ಲೇ ಕೂಡಿಕೊಂಡು ಉಳಿದದ್ದು ಹಾಗೇ ಸೊರಗುತ್ತದೆ. ಮೂರು ನಾಲ್ಕು ವರ್ಷಕ್ಕೊಮ್ಮೆ ಗರಿ ಹಾಕುವ ಸಾಲು, ಗಾಡಿ ಓಡುವ ಸಾಲು ಅದಲುಬದಲು ಮಾಡಿ ಅಂತ ಕೆಲವರು ಹೇಳುತ್ತಾರೆ. ಗಟ್ಟಿಯಾದ ಸಾಲಿಗೆ ಇದರಿಂದ ಅನುಕೂಲ, ಆದರೆ ಬೇರು ತುಂಬಿದ ಮೆತ್ತನೆ ಸಾಲಿನ ಮೇಲೆ ಟ್ರ್ಯಾಕ್ಟರು ಹತ್ತಿಸಿದಂತೆಯೂ ಆಗುತ್ತದೆ. ನನ್ನ ಮಟ್ಟಿಗೆ ಗಾಡಿ ದಾರಿ ಅಲ್ಲೇ ಇರಲಿ, ಗರಿಯನ್ನು ಮರ ಮರದ ನಡುವಿನ ಖಾಲಿ ಜಾಗಕ್ಕೂ ಹರಡುತ್ತಾ ಹೋಗಿ. ಗಿರಣಿಯಿಂದ ಹಣ್ಣು ಬಿಡಿಸಿದ ಖಾಲಿ ಗೊನೆ ಸಿಕ್ಕರೆ ಬಿಡಬೇಡಿ. ಒಂದು ಟನ್ ಹಸಿ ಖಾಲಿ ಗೊನೆಯಲ್ಲಿ ಸುಮಾರು 7 ಕೆಜಿ ಯೂರಿಯಾ, 19 ಕೆಜಿ ಪೊಟ್ಯಾಷ್ ಗೊಬ್ಬರದಷ್ಟು ಸತ್ವ ಇದೆ. ಹುಳಿಯಾದ ಮಣ್ಣಿನ ರಸಸಾರವನ್ನೂ ಅದು ಮೇಲೆತ್ತುತ್ತದೆ. ಒಂದೇ ಪದರ ಹರಡಿ, ರಾಶಿ ಹಾಕಿದರೆ ದುಂಬಿ ಮೊಟ್ಟೆ ಇಡುತ್ತದೆ.

ಪ್ರಶ್ನೆ: ನಾನು ಸರವಾಕ್‌ನ ಸಿಬು ಕಡೆ ಎಸ್ಟೇಟ್ ಒಂದರಲ್ಲಿ ಕೆಲಸದಲ್ಲಿದ್ದೇನೆ. ಇಲ್ಲಿ ಎಂಟು ಒಂಬತ್ತು ವರ್ಷದ ಮರಗಳೇ ಎಲ್ಲಾ ದಿಕ್ಕಿಗೂ ವಾಲಿವೆ, ಬೇರು ನೆಲದ ಮೇಲೆ ಕಾಣುತ್ತದೆ. ಊರಿನಲ್ಲಿ ಇಂಥದ್ದು ನೋಡಿಲ್ಲ. ಗಾಳಿಯಿಂದಲಾ?
— ಮಲೇಷ್ಯಾದಿಂದ ಓದುಗರು

ಗಾಳಿಯದ್ದಲ್ಲ ತಪ್ಪು, ನೆಲವೇ ಕುಸಿಯುತ್ತಿದೆ. ನೀವಿರುವುದು ಪೀಟ್ ಜೌಗಿನ ಮೇಲೆ. ಸಾವಿರಾರು ವರ್ಷ ನೀರಿನಲ್ಲಿ ಮುಳುಗಿ ಪೂರ್ತಿ ಕೊಳೆಯದೆ ಉಳಿದ ಮರ, ಬೇರು, ಎಲೆಯೇ ಅಲ್ಲಿ ಮಣ್ಣು. ತಾಳೆ ಹಾಕಲು ಕಾಲುವೆ ತೋಡಿ ನೀರು ಬಸಿದರು ಅಂದರೆ ಮೊದಲು ಅದು ತನ್ನ ಭಾರಕ್ಕೇ ಕುಗ್ಗುತ್ತದೆ, ಆಮೇಲೆ ಗಾಳಿ ಹೊಕ್ಕು ಸೂಕ್ಷ್ಮಜೀವಿಗಳು ತಿನ್ನಲು ಶುರು ಮಾಡುತ್ತವೆ, ಮಣ್ಣು ಇಂಗಾಲದ ಡೈಆಕ್ಸೈಡ್ ಆಗಿ ಹಾರಿ ಹೋಗುತ್ತದೆ. ಸುಮಾತ್ರಾದ ರಿಯಾವು, ಜಾಂಬಿ ಪ್ರಾಂತ್ಯಗಳ ತೋಟಗಳಲ್ಲಿ ಅಳೆದಾಗ ಮೊದಲ ಐದು ವರ್ಷದಲ್ಲಿ ನೆಲ ಹತ್ತಿರ ಹತ್ತಿರ ಒಂದೂವರೆ ಮೀಟರ್ ಇಳಿದಿತ್ತು, ಆಮೇಲೆ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್. ಮರದ ಬುಡದಿಂದ ನೆಲವೇ ಜಾರಿದರೆ ಬೇರಿಗೆ ಹಿಡಿತ ಎಲ್ಲಿಂದ ಬರಬೇಕು?

ಬೇರೆ ಮಣ್ಣಿಗೆ ವಯಸ್ಸಾಗುವುದಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ, ಇಲ್ಲಿ ಮಣ್ಣಿನ ಗುಣ ಬದಲಾಗುವುದಲ್ಲ, ಮಣ್ಣೇ ಕಾಣೆಯಾಗುತ್ತದೆ. ಕಾಲುವೆಗೆ ಅಡ್ಡಗಟ್ಟೆ ಹಾಕಿ ನೀರಿನ ಮಟ್ಟವನ್ನು ನೆಲದಿಂದ 40–60 ಸೆಂಟಿಮೀಟರ್ ಕೆಳಗೆ ಹಿಡಿದಿಟ್ಟರೆ ವೇಗ ತಗ್ಗುತ್ತದೆ. ನಿಲ್ಲುವುದಿಲ್ಲ. ಕೊನೆಗೆ ನೆಲ ನದಿಯ ಮಟ್ಟಕ್ಕೆ ಇಳಿದರೆ ನೀರು ತಾನಾಗಿ ಬಸಿಯುವುದೇ ಇಲ್ಲ. ಅಂಥ ಜಾಗದಲ್ಲಿ ಮೊದಲು ತೋಟ ಮಾಡಿದ್ದೇ ಸರಿಯಲ್ಲ ಅನ್ನುವವರ ಪೈಕಿ ನಾನೂ ಒಬ್ಬ. ವಾಲಿದ ಮರಕ್ಕೆ ಬುಡದಲ್ಲಿ ಮಣ್ಣು ಏರಿಸಿ, ತುದಿ ಮತ್ತೆ ಮೇಲಕ್ಕೆ ತಿರುಗಿ ಗೊನೆ ಬಿಡುತ್ತದೆ. ನಮ್ಮೂರಿನ ತಾಳೆ ತೋಟಗಳಿಗೆ ಈ ತೊಂದರೆ ಇಲ್ಲ, ಅವು ಇರುವುದು ಕೆಂಪು, ಕಪ್ಪು ಮಣ್ಣಿನ ಮೇಲೆ.

ಪ್ರಶ್ನೆ: ಮರ ದೊಡ್ಡದಾದಂತೆ ಗೊಬ್ಬರ ಏರಿಸಬೇಕಾ? ನಮ್ಮದು ಎರೆ ಮಣ್ಣು, 18 ವರ್ಷದ ತೋಟ. ಅಂಗಡಿಯವರು ವರ್ಷ ವರ್ಷ ಜಾಸ್ತಿ ಹೇಳುತ್ತಾರೆ.
— ಕೊಪ್ಪಳ ಜಿಲ್ಲೆಯ ಓದುಗರು

ಅಂಗಡಿಯವರು ಕಡಿಮೆ ಹೇಳಿದ್ದು ಎಲ್ಲಾದರೂ ಉಂಟಾ?

ನಮ್ಮ ದೇಶದಲ್ಲಿ ಸಾಮಾನ್ಯ ಶಿಫಾರಸು ಮೂರನೇ ವರ್ಷದಿಂದ ಮರಕ್ಕೆ ವರ್ಷಕ್ಕೆ 1200 ಗ್ರಾಂ ಸಾರಜನಕ, 600 ಗ್ರಾಂ ರಂಜಕ, 1200 ಗ್ರಾಂ ಪೊಟ್ಯಾಷ್, ಜೊತೆಗೆ 500 ಗ್ರಾಂ ಮೆಗ್ನೀಸಿಯಂ ಸಲ್ಫೇಟ್, 100 ಗ್ರಾಂ ಬೋರಾಕ್ಸ್. ಅಲ್ಲಿಂದ ಮುಂದೆ ವಯಸ್ಸಿಗೆ ಏರಿಸುವ ಮಾತೇ ಇಲ್ಲ, ಇಳುವರಿ ಮತ್ತು ಎಲೆ ಪರೀಕ್ಷೆ ನೋಡಿ ಹೊಂದಿಸಬೇಕು. ಒಂದು ಟನ್ ಗೊನೆ ತೋಟ ಬಿಟ್ಟು ಹೋದರೆ ಅದರ ಜೊತೆ ಸುಮಾರು 3 ಕೆಜಿ ಸಾರಜನಕ, 4 ಕೆಜಿ ಪೊಟ್ಯಾಸಿಯಂ ಹೋಗುತ್ತದೆ. ಎಕರೆಗೆ 8 ಟನ್ ತೆಗೆದರೂ ಸಾರಜನಕ 24 ಕೆಜಿ. 57 ಮರಕ್ಕೆ ನೀವು ಹಾಕುವುದು 68 ಕೆಜಿ. ಉಳಿದದ್ದರಲ್ಲಿ ಮರ ಬೆಳೆಯಲು ಒಂದಿಷ್ಟು, ಗರಿಗೆ ಒಂದಿಷ್ಟು, ಮತ್ತೊಂದಿಷ್ಟು ಸುಮ್ನೆ ಗಾಳಿಗೆ, ನೀರಿಗೆ. ಗರಿ ಸುಡದೆ ಬಿಟ್ಟರೆ ಅದರ ಪಾಲು ವಾಪಸ್ ಬರುತ್ತದೆ.

ಸುಮಾತ್ರಾದ ಜಾಂಬಿ ಪ್ರಾಂತ್ಯದ ಒಂದು ಸರ್ಕಾರಿ ಎಸ್ಟೇಟಿನಲ್ಲಿ 2016ರಿಂದ ಒಂದು ಪ್ರಯೋಗ ನಡೆದಿದೆ, ಜರ್ಮನಿಯ ಗೋಟಿಂಗನ್ ವಿಶ್ವವಿದ್ಯಾಲಯ ಮತ್ತು ಇಂಡೋನೇಷ್ಯಾದ ವಿಶ್ವವಿದ್ಯಾಲಯಗಳು ಸೇರಿ ಮಾಡಿದ್ದು. ಪೂರ್ತಿ ಬೆಳೆದ ಮರಗಳಿಗೆ ಹೆಕ್ಟೇರಿಗೆ 260 ಕೆಜಿ ಸಾರಜನಕ ಹಾಕುತ್ತಿದ್ದದ್ದನ್ನು 136ಕ್ಕೆ ಇಳಿಸಿದರು, ರಂಜಕ, ಪೊಟ್ಯಾಷ್ ಕೂಡ ತಗ್ಗಿಸಿದರು. ಕೆಲವು ತಾಕುಗಳಲ್ಲಿ ಕಳೆನಾಶಕ ಬಿಟ್ಟು ಯಂತ್ರದಲ್ಲಿ ಕಳೆ ಕೊಚ್ಚಿದರು. ಮೊದಲ ನಾಲ್ಕು ವರ್ಷ ಇಳುವರಿ ಬೀಳಲಿಲ್ಲ, ಯಂತ್ರದಲ್ಲಿ ಕಳೆ ಕೊಚ್ಚಿದ ಕಡೆ ಲಾಭವೂ ಜಾಸ್ತಿ. ಇದನ್ನು ಓದಿ ನಾಳೆಯೇ ಗೊಬ್ಬರ ಅರ್ಧ ಮಾಡಬೇಡಿ. ಆ ಮಣ್ಣಿನಲ್ಲಿ ಹಿಂದಿನ ಎಷ್ಟೋ ವರ್ಷದ ಗೊಬ್ಬರ ಕೂಡಿಟ್ಟಿತ್ತು, ಮರಗಳು ಆ ದಾಸ್ತಾನು ಖರ್ಚು ಮಾಡಿರಬಹುದು. ನಿಮ್ಮ ಪಾತಿಯಲ್ಲೂ ದಾಸ್ತಾನು ಇದೆಯಾ ಅನ್ನುವುದು ಪರೀಕ್ಷೆ ಮಾಡಿಸಿದರೆ ತಾನೇ ಗೊತ್ತಾಗುವುದು. ರಂಜಕ ಜಾಸ್ತಿ ಅಂತ ಬಂದರೆ ಮೊದಲು ಡಿಎಪಿ ತಗ್ಗಿಸಿ, ಅದು ಧೈರ್ಯವಾಗಿ ಮಾಡಬಹುದಾದ ಕೆಲಸ.

ನಿಮ್ಮದು ಎರೆ ಮಣ್ಣು ಆಗಿರುವುದರಿಂದ ಮೈಸೂರಿನ ಓದುಗರಿಗೆ ಹೇಳಿದ ಹುಳಿ ಮಣ್ಣಿನ ಭಯ ನಿಮಗೆ ಅಷ್ಟಾಗಿ ಇಲ್ಲ. ಸುಣ್ಣ ಇರುವ ಕಪ್ಪು ಮಣ್ಣು ಆಮ್ಲವನ್ನು ನುಂಗಿಕೊಳ್ಳುತ್ತದೆ. ನಿಮ್ಮ ತುಂಗಭದ್ರಾ ಅಚ್ಚುಕಟ್ಟಿನ ಶತ್ರು ಸವುಳು ಜವುಳು. ನೀರು ಜಾಸ್ತಿ ಕೊಟ್ಟು, ಬಸಿಗಾಲುವೆ ಇಲ್ಲದೆ ವರ್ಷಗಟ್ಟಲೆ ಬಿಟ್ಟರೆ ಉಪ್ಪು ಮೇಲೇರುತ್ತದೆ, ಬೇರಿಗೆ ಉಸಿರು ಕಟ್ಟುತ್ತದೆ. ಹಾಗಾಗಿ ರಿಪೋರ್ಟಿನಲ್ಲಿ ನೀವು ಮೊದಲು ನೋಡಬೇಕಾದ್ದು ಲವಣಾಂಶದ ಸಾಲು. ಗೊಬ್ಬರವನ್ನು ಬುಡಕ್ಕೆ ಸುರಿಯಬೇಡಿ, ಪಾತಿಯ ಅಂಚಿನಿಂದ ಆಚೆಗೆ, ತೇವ ಇದ್ದಾಗ, ನಾಲ್ಕು ಕಂತಿನಲ್ಲಿ ಹಾಕಿ. ಒಣ ಗರಿಯ ಮೇಲೆ ಯೂರಿಯಾ ಚೆಲ್ಲಿದರೆ ಅಮೋನಿಯಾ ಆಗಿ ಮೂಗಿಗೆ ಹೊಡೆಯುತ್ತದೆ ಅಷ್ಟೇ.

ಪ್ರಶ್ನೆ: ತೊಂಬತ್ತರ ದಶಕದಲ್ಲಿ ತಂದೆ ಹಾಕಿದ ತೋಟ. ದೋಟಿಗೆ ಗೊನೆ ಎಟುಕುತ್ತಿಲ್ಲ, ತೆಗೆಯಬೇಕು. ಜೆಸಿಬಿ ತಂದು ಕಿತ್ತು ಸುಟ್ಟು ಅಲ್ಲೇ ಮತ್ತೆ ತಾಳೆ ಹಾಕಬಹುದಾ?
— ಶಿವಮೊಗ್ಗ ಜಿಲ್ಲೆಯ ಓದುಗರು

ಹಾಕಬಹುದು. ಸುಡುವುದು ಮಾತ್ರ ಬಿಡಿ. ಹಳೇ ತೋಟದ ಕಾಂಡಗಳಲ್ಲೇ ಹೆಕ್ಟೇರಿಗೆ 70 ಟನ್‌ಗಿಂತ ಜಾಸ್ತಿ ಒಣ ಪದಾರ್ಥ ಇರುತ್ತದೆ. ಇಪ್ಪತ್ತೈದು ಮೂವತ್ತು ವರ್ಷ ನೆಲ ಕೊಟ್ಟದ್ದನ್ನು ವಾಪಸ್ ಪಡೆಯಲು ಇರುವುದು ಇದೊಂದೇ ಸಂದರ್ಭ. ಮಲೇಷ್ಯಾದಲ್ಲಿ ಕಾಂಡವನ್ನು ಯಂತ್ರದಿಂದ ತೆಳ್ಳಗೆ ಹೆರೆದು ಹರಡುತ್ತಾರೆ. ತೆಳ್ಳಗೆ ಹೆರೆಯುವುದು ಮುಖ್ಯ, ದಿಮ್ಮಿಯಾಗಿ ಬಿಟ್ಟರೆ ತೆಂಗಿಗೆ ಬರುವ ಅದೇ ಕುರುವಾಯಿ ದುಂಬಿ ಒಳಗೆ ಮರಿ ಮಾಡಿ ಹೊಸ ಸಸಿಯ ಸುಳಿ ಕೊರೆಯುತ್ತದೆ. ಇನ್ನೊಂದು, ಇಷ್ಟು ಮರದ ಪುಡಿ ಕೊಳೆಯುವಾಗ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕ ಎಳೆದುಕೊಳ್ಳುತ್ತವೆ, ಮೊದಲ ವರ್ಷ ಸಸಿ ಹಳದಿ ಕಂಡರೆ ಗಾಬರಿ ಬೇಡ, ಸ್ವಲ್ಪ ಯೂರಿಯಾ ಕೊಡಿ.

ಅಣಬೆ ರೋಗದ ಬಗ್ಗೆ ಮಾತ್ರ ಹುಷಾರು. ತುಮಕೂರು, ಹಾಸನ ಕಡೆ ತೆಂಗು ಕೊಲ್ಲುವ ಗ್ಯಾನೊಡರ್ಮಾ ಶಿಲೀಂಧ್ರದ ಜಾತಿಯದ್ದೇ ಇದು. ಮಲೇಷ್ಯಾ, ಸುಮಾತ್ರಾದಲ್ಲಿ ಮೊದಲ ತಲೆಮಾರಿನ ಮರಗಳಲ್ಲಿ ಅದು ಮುದಿ ವಯಸ್ಸಿಗೆ ಕಾಣುತ್ತಿತ್ತು. ಅದೇ ನೆಲದಲ್ಲಿ ಎರಡು ಮೂರನೇ ಸಲ ನೆಟ್ಟಾಗ ಬೇಗ ಬೇಗ, ಹೆಚ್ಚು ಮರಗಳಿಗೆ ಬರುತ್ತಿದೆ. ಹಳೇ ಬೊಡ್ಡೆ, ಬೇರು ನೆಲದಲ್ಲಿ ಉಳಿಯುವುದೇ ಕಾರಣ. ತೋಟ ಹಳತಾದಂತೆ ಮಣ್ಣಿಗೆ ಬರುವ ನಿಜವಾದ ಕೇಡು ಯಾವುದು ಅಂತ ಕೇಳಿದರೆ ನಾನು ಇದನ್ನೇ ಮೊದಲು ಹೇಳುತ್ತೇನೆ, ಯಾಕೆಂದರೆ ಪೊಟ್ಯಾಷ್ ಕಡಿಮೆಯಾದರೆ ಮೂಟೆ ತರಬಹುದು, ಇದಕ್ಕೆ ಅಂಗಡಿಯಲ್ಲಿ ಮದ್ದು ಇಲ್ಲ. ಕೀಳುವ ಮೊದಲೇ ಬುಡದಲ್ಲಿ ಅಣಬೆ ಕಂಡ ಮರಗಳಿಗೆ ಗುರುತು ಹಾಕಿ, ಅವುಗಳ ಬೊಡ್ಡೆ ಬೇರು ಪೂರ್ತಿ ಅಗೆದು ತೆಗೆಯಿರಿ, ಆ ಗುಂಡಿಯ ಜಾಗ ಬಿಟ್ಟು ಹಳೇ ಸಾಲುಗಳ ನಡುವೆ ಹೊಸ ಸಾಲು ಮಾಡಿ.

ಕಿತ್ತ ಮೇಲೆ ನೆಲ ಒಂದು ಮಳೆಗಾಲವೂ ಬೋಳು ಇರಬಾರದು. ಸೆಣಬು, ಹಲಸಂದೆ ಏನಾದರೂ ಎರಚಿ. ಪುತ್ತೂರು ಸುಳ್ಯದ ರಬ್ಬರ್ ತೋಟದವರಿಗೆ ಗೊತ್ತಿರುವ ಮ್ಯುಕುನಾ ಬಳ್ಳಿ ನಿಮ್ಮ ಮಳೆಗೂ ಹೊಂದಬಹುದು, ದನ ಮುಟ್ಟುವುದಿಲ್ಲ. ಮಲೇಷ್ಯಾದ ತಾಳೆ ತೋಟಗಳು ಈಗ ಮೆಚ್ಚಿಕೊಂಡಿರುವ ಆ ಬಳ್ಳಿ ನಮ್ಮ ಈಶಾನ್ಯ ರಾಜ್ಯಗಳದ್ದೇ. ಒಂದೇ ಎಚ್ಚರ, ಎಳೇ ಸಸಿಯ ಮೇಲೆ ಹತ್ತಿ ಮುಚ್ಚಿಬಿಡುತ್ತದೆ, ಬುಡದ ಸುತ್ತ ಆಗಾಗ ಬಳ್ಳಿ ಎಳೆದು ಹಾಕುತ್ತಿರಬೇಕು.

ಪ್ರಶ್ನೆ: ತಾಳೆ ಕಿತ್ತ ಮೇಲೆ ಆ ನೆಲದಲ್ಲಿ ಮೆಕ್ಕೆಜೋಳ ಬರುತ್ತದಾ?
— ಹಾವೇರಿ ಜಿಲ್ಲೆಯ ಓದುಗರು

ಬರುತ್ತದೆ. ಮೊದಲ ವರ್ಷ ಬೆಳೆ ಸಾಲು ಸಾಲಾಗಿ ಏರುಪೇರು ಕಾಣುತ್ತದೆ. ಗರಿ ಬಿದ್ದ ಜಾಗದಲ್ಲಿ ಆಳೆತ್ತರ, ಟ್ರ್ಯಾಕ್ಟರ್ ದಾರಿಯಲ್ಲಿ ಮೊಣಕಾಲೆತ್ತರ. ಬಿತ್ತುವ ಮೊದಲು ಗಟ್ಟಿಯಾದ ಸಾಲುಗಳಿಗಷ್ಟೇ ಆಳ ಉಳುಮೆ ಮಾಡಿಸಿ, ಮೆತ್ತಗಿರುವ ಸಾಲಿಗೆ ನೇಗಿಲು ಮೇಲೆ ಮೇಲೆ ಹೋದರೆ ಸಾಕು. ಕೊಟ್ಟಿಗೆ ಗೊಬ್ಬರ ಇದ್ದಷ್ಟನ್ನೂ ಹಳೇ ಪಾತಿಗಳಿದ್ದ ಜಾಗಕ್ಕೆ ಹಾಕಿ. ಕೆಂಪು ಮಣ್ಣಾಗಿದ್ದರೆ ಅಲ್ಲಿಗೆ ಮಾತ್ರ ಒಂದಿಷ್ಟು ಸುಣ್ಣವೂ ಬೇಕಾಗಬಹುದು, ಎಷ್ಟು ಅನ್ನುವುದನ್ನು ಪಾತಿ ಮಣ್ಣಿನ ರಿಪೋರ್ಟು ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಹೇಳುತ್ತೇನೆ.